ಅಟ್ಟೆ, ಚೆಂಡು ಮತ್ತು ಮೂರನೇ ಕ್ಲಾಸಿನ ಭಿನ್ನರಾಶಿ

2023ರ ಜೂನಿನ ಒಂದು ಬೆಳಿಗ್ಗೆ, ನನ್ನ ಮಗ ಒಂದೇ ಹೊತ್ತಿಗೆ ಮೂರು ಕ್ಲಾಸಿನಲ್ಲಿದ್ದಾನೆ ಎಂದು ಲ್ಯಾಪ್‌ಟಾಪ್ ಹೇಳಿತು. ಅವನಿಗೆ ಆಗ ಹತ್ತು ವರ್ಷ. ಇಂಗ್ಲಿಷ್ ಓದಿನಲ್ಲಿ ಆರನೇ ಕ್ಲಾಸು, ಗುಣಾಕಾರ ಭಾಗಾಕಾರದಲ್ಲಿ ಐದನೆಯದು, ಭಿನ್ನರಾಶಿಯಲ್ಲಿ ಮಾತ್ರ ಮೂರನೆಯದು. ಆನ್‌ಲೈನ್ ಕಲಿಕೆಯ ಪ್ರೋಗ್ರಾಮಿಗೆ ಸೇರುವ ಮೊದಲು ಮಕ್ಕಳ ಮಟ್ಟ ತಿಳಿಯಲು ಕೊಡುವ ಪರೀಕ್ಷೆ ಅದು. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಸ್ವಲ್ಪ ಕಷ್ಟದ್ದು ಬರುತ್ತದೆ, ತಪ್ಪಿದರೆ ಸುಲಭದ್ದು. ಹೀಗೆ ಹತ್ತುತ್ತ ಇಳಿಯುತ್ತ ಮಗು ನಿಂತ ಮೆಟ್ಟಿಲನ್ನು ಅದು ಹುಡುಕುತ್ತದೆ.

ನನಗೆ ಮೊದಲು ಬಂದದ್ದು ಸಿಟ್ಟು. ಮಸ್ಕತ್ತಿನಿಂದ ತಂದ ಅವನ ಮಾರ್ಕ್ಸ್ ಕಾರ್ಡಿನಲ್ಲಿ ಗಣಿತಕ್ಕೆ ಎ ಗ್ರೇಡು ಇತ್ತು. ಎರಡು ವರ್ಷದಿಂದ ಮನೆಯಲ್ಲಿ ಪಾಠ ಮಾಡುತ್ತಿದ್ದವಳೂ ನಾನೇ. ರಾತ್ರಿ ಮಲಗಿ ಹಿಂದಕ್ಕೆ ಎಣಿಸುತ್ತ ಹೋದೆ. ಭಿನ್ನರಾಶಿಯ ಬುಡ ಗಟ್ಟಿಯಾಗಬೇಕಿದ್ದ ವರ್ಷ ಯಾವುದು? ಕೊರೋನಾ ವರ್ಷ. ಆಗ ಅವನ ಶಾಲೆ ನಮ್ಮ ಫ್ಲಾಟಿನ ಸೋಫಾದ ಮೇಲೆ, ಒಂದು ಫೋನಿನ ಒಳಗೆ ನಡೆಯುತ್ತಿತ್ತು. ಅರ್ಧ, ಕಾಲು, ಮುಕ್ಕಾಲು ಎಂದು ಟೀಚರು ಆ ಕಡೆಯಿಂದ ಹೇಳುವಾಗ ಈ ಕಡೆ ಇವನು ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿ ನೋಡುತ್ತಿದ್ದ. ಅದು ಯಾರ ತಪ್ಪೂ ಅಲ್ಲ. ಆದರೆ ಮೂರು ವರ್ಷ ಆ ತೂತು ಅವನ ತಲೆಯೊಳಗೆ ಹಾಗೆಯೇ ಇತ್ತು, ಅದರ ಮೇಲೆ ನಾನು ದಶಮಾಂಶ ಕಟ್ಟಲು ನೋಡುತ್ತಿದ್ದೆ. ಕಟ್ಟಿದ್ದೆಲ್ಲ ಕುಸಿಯುತ್ತಿದ್ದದ್ದು ಯಾಕೆಂದು ಅಂದು ಗೊತ್ತಾಯಿತು.

ಮನೆಯಲ್ಲೇ ಮಕ್ಕಳನ್ನು ಓದಿಸುವವರು ಆನ್‌ಲೈನ್ ಪ್ರೋಗ್ರಾಮನ್ನು ಯಾಕೆ ಬಳಸಬೇಕು ಎಂದು ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ತಾಯಿಯ ಕಣ್ಣಿಗೆ ಕಾಣದ ತೂತು ಅದಕ್ಕೆ ಕಾಣುತ್ತದೆ. ನಾವು ಮಗುವಿನ ಮುಖ ನೋಡಿ ‘ಇವನಿಗೆ ಅರ್ಥ ಆಗಿದೆ’ ಎಂದು ತಿಳಿದುಬಿಡುತ್ತೇವೆ. ಅದು ಮುಖ ನೋಡುವುದಿಲ್ಲ.

ನಮ್ಮ ಮನೆ ಇರುವುದು ಶಂಕರಪುರದ ಹತ್ತಿರ, ಉಡುಪಿ ಜಿಲ್ಲೆಯ ಕಾಪು ತಾಲೂಕಿನಲ್ಲಿ. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಗುರುತು ಪಡೆದ ಹೂವಿನ ಊರು. 2021ರ ಆಗಸ್ಟಿನಲ್ಲಿ ಮೂವರು ಮಕ್ಕಳೊಂದಿಗೆ ಮಸ್ಕತ್ತಿನಿಂದ ಇಲ್ಲಿಗೆ ಬಂದೆ; ಗಂಡ ಇನ್ನೂ ಅಲ್ಲಿಯೇ ದುಡಿಯುತ್ತಿದ್ದಾರೆ. ದೊಡ್ಡವಳಿಗೆ ಆಗ ಹನ್ನೊಂದು, ಮಗನಿಗೆ ಎಂಟು, ಸಣ್ಣವಳಿಗೆ ಮೂರು. ವರ್ಷದ ನಡುವೆ ಬಂದದ್ದು, ಶಾಲೆಗಳು ತೆರೆದೂ ತೆರೆಯದಂತಿದ್ದ ಕಾಲ, ದೊಡ್ಡವರಿಬ್ಬರಿಗೂ ಕನ್ನಡದ ಒಂದಕ್ಷರ ಬಾರದು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಅರಬಿ ಹಿಂದಿ ಎಂದು ಬೆಳೆದ ಮಕ್ಕಳು. ಒಂದು ವರ್ಷ ಮನೆಯಲ್ಲೇ ಓದಿಸಿ ಆಮೇಲೆ ಸೇರಿಸುವಾ ಎಂದುಕೊಂಡೆ. ಆ ಒಂದು ವರ್ಷ ಈಗ ನಾಲ್ಕಾಗಿದೆ.

ಮೊದಲು ತೆಗೆದುಕೊಂಡ ಪ್ರೋಗ್ರಾಮಿನ ಕತೆ ಬೇಗ ಮುಗಿಸುತ್ತೇನೆ. ಫೋನಿನಲ್ಲಿ ಒಬ್ಬರು ಮಾರಾಟಗಾರರು ಮುಕ್ಕಾಲು ಗಂಟೆ ಮಾತಾಡಿ, ದೊಡ್ಡವಳ ಭವಿಷ್ಯದ ಬಗ್ಗೆ ನನ್ನಲ್ಲಿ ಭಯ ಹುಟ್ಟಿಸಿ, ತಿಂಗಳ ಕಂತಿನಲ್ಲಿ ಕಟ್ಟುವಂತೆ ಮಾಡಿದರು. ಒಂದು ಮಗುವಿಗೆ ಒಂದು ಕ್ಲಾಸಿನ ಪಾಠ ಎಂಬ ಲೆಕ್ಕ. ಮೂವರಿಗೆ ಮೂರು ಪಟ್ಟು ಹಣ. ವಿಡಿಯೋಗಳು ಚಂದ ಇದ್ದವು, ಮಕ್ಕಳು ನೋಡಿದರು, ಮರೆತರು. ಬಿಡಿಸಿಕೊಳ್ಳಲು ಐದು ತಿಂಗಳು ಹಿಡಿಯಿತು. ಈಗಿನ ಪ್ರೋಗ್ರಾಮಿನಲ್ಲಿ ತಾಯಿತಂದೆಯರದ್ದು ಒಂದೇ ಖಾತೆ, ಅದರೊಳಗೆ ಮಕ್ಕಳಿಗೆ ಬೇರೆ ಬೇರೆ ಪ್ರೊಫೈಲು, ಕ್ಲಾಸಿನ ಬದಲು ವಿಷಯಕ್ಕೊಂದು ಮಟ್ಟ. ಮೂರು ವಯಸ್ಸಿನ ಮಕ್ಕಳಿರುವ ಮನೆಗೆ ಇದು ಬಹಳ ದೊಡ್ಡ ವಿಷಯ. ಕೊಳ್ಳುವವರು ಬೇರೆ ಎಲ್ಲದಕ್ಕಿಂತ ಮೊದಲು ಇದನ್ನು ವಿಚಾರಿಸಿ ಎನ್ನುತ್ತೇನೆ.

ದುಡ್ಡಿಲ್ಲದೆ ಸಿಗುವುದೂ ಬೇಕಾದಷ್ಟಿದೆ. ಖಾನ್ ಅಕಾಡೆಮಿಯಲ್ಲಿ ಗಣಿತ ವಿಜ್ಞಾನ ಪೂರ್ತಿ ಉಚಿತ. ಎರಡರಿಂದ ಎಂಟು ವರ್ಷದವರಿಗೆ ಅವರದ್ದೇ ಬೇರೆ ಆ್ಯಪು ಉಂಟು, ಸಣ್ಣವಳು ಅದರಲ್ಲೇ ಶುರು ಮಾಡಿದ್ದು. ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿ ಚೌಕಾಕಾರದ ಕ್ಯೂಆರ್ ಕೋಡ್ ಇರುತ್ತದಲ್ಲ, ಅದನ್ನು ದೀಕ್ಷಾ ಆ್ಯಪಿನಲ್ಲಿ ಹಿಡಿದರೆ ಆ ಪಾಠದ ವಿಡಿಯೋ, ಅಭ್ಯಾಸ ತೆರೆಯುತ್ತದೆ. ಪುಸ್ತಕಗಳ ಪಿಡಿಎಫ್‌ಗಳೂ ಜಾಲದಲ್ಲಿ ಸಿಗುತ್ತವೆ. ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡಲು ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಇದೆ; ಬಲ್ಬು, ತಂತಿ, ಬ್ಯಾಟರಿ ಜೋಡಿಸುವ ಅದರ ಆಟದಲ್ಲಿ ಮಗ ಗಂಟೆಗಟ್ಟಲೆ ಕೂತದ್ದಿದೆ. ಇವನ್ನೆಲ್ಲ ಒಟ್ಟಿಗೆ ತೆರೆದು ಕೂತರೆ ತಲೆ ತಿರುಗುತ್ತದೆ. ಒಂದನ್ನು ಬೆನ್ನೆಲುಬಾಗಿ ಇಟ್ಟುಕೊಂಡು ಉಳಿದದ್ದನ್ನು ಬೇಕಾದಾಗ ತೆಗೆಯುವುದು ನಮಗೆ ಒಗ್ಗಿತು.

ಕನ್ನಡದ ಕತೆ ಮಾತ್ರ ಇವೆಲ್ಲಕ್ಕಿಂತ ಹಿಂದಿನದು, ಅದನ್ನು ನಿಧಾನಕ್ಕೆ ಹೇಳಬೇಕು.

ಹನ್ನೊಂದು ವರ್ಷದ ಹುಡುಗಿಗೆ ‘ಅ ಅರಸ, ಆ ಆನೆ’ ಎಂದು ಕಲಿಸುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಅಕ್ಷರ ಕಷ್ಟವಲ್ಲ, ನಾಚಿಕೆ ಕಷ್ಟ. ಇಂಗ್ಲಿಷಿನಲ್ಲಿ ಮುನ್ನೂರು ಪುಟದ ಕಾದಂಬರಿ ಓದುತ್ತಿದ್ದವಳು ಕನ್ನಡದಲ್ಲಿ ಬೆರಳಿಟ್ಟು ‘ಬೆ... ಕ್ಕು’ ಎಂದು ಓದಬೇಕು. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದಳು. ಮೇಲಿನದನ್ನು ಮೊದಲು ಓದುವುದೋ, ಕೆಳಗಿನದನ್ನೋ? ಎರಡು ವಾರದಲ್ಲಿ ಪುಸ್ತಕ ಮುಚ್ಚಿ, ‘ನನಗೆ ಕನ್ನಡ ಬೇಡಮ್ಮ’ ಎಂದು ಅತ್ತಳು. ಮಾತಿಗೇನೂ ತೊಂದರೆ ಇರಲಿಲ್ಲ, ಅಂಗಡಿಯಲ್ಲಿ ಕೇಳಿ ಕೇಳಿ ಆಡಲು ಕಲಿತಿದ್ದಳು. ಓದು ಅಂದರೆ ಮಾತ್ರ ಮುಖ ಬಾಡುತ್ತಿತ್ತು.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ತಾಣದಲ್ಲಿ ಮಕ್ಕಳ ಕತೆಗಳು ಕನ್ನಡದಲ್ಲೂ ಉಚಿತವಾಗಿ ಇವೆ. ಓದಿನ ಮಟ್ಟಕ್ಕೆ ತಕ್ಕಂತೆ ಒಂದರಿಂದ ನಾಲ್ಕರವರೆಗೆ ವಿಂಗಡಿಸಿದ್ದಾರೆ. ಒಂದನೇ ಮಟ್ಟದಲ್ಲಿ ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ. ಅವಳಿಗೆ ಬೇಕಾದದ್ದು ಅದೇ, ಆದರೆ ಅವಳ ಮುಂದೆ ಹಾಗೆ ಇಟ್ಟರೆ ಅವಮಾನ. ಒಂದು ಮಧ್ಯಾಹ್ನ ನನಗೆ ಜ್ವರ. ಸಣ್ಣವಳು ಕತೆ ಬೇಕೆಂದು ರಚ್ಚೆ ಹಿಡಿದಿದ್ದಳು. ಟ್ಯಾಬ್ಲೆಟ್ ಅನ್ನು ದೊಡ್ಡವಳ ಕೈಗೆ ಕೊಟ್ಟು, ‘ಇದನ್ನೊಂದು ಓದಿ ಹೇಳು ಅವಳಿಗೆ’ ಎಂದು ಮಲಗಿದೆ.

ಗೋಡೆಯ ಆಚೆಯಿಂದ ಕೇಳಿಸುತ್ತಿತ್ತು. ಒಂದು ಸಾಲು ಓದಲು ಅರ್ಧ ನಿಮಿಷ. ಮೂರು ವರ್ಷದವಳಿಗೆ ಅವಸರವೇ ಇಲ್ಲ, ಅವಳು ಚಿತ್ರ ನೋಡುತ್ತಿದ್ದಾಳೆ. ಅಕ್ಕ ತಪ್ಪಿದರೂ ಗೊತ್ತಾಗುವುದಿಲ್ಲ. ಮುಗಿದ ಕೂಡಲೇ ‘ಇನ್ನೊಮ್ಮೆ’. ಎರಡನೇ ಸಲ ಕಾಲು ನಿಮಿಷ. ಮೂರನೇ ಸಲ ಧ್ವನಿಯಲ್ಲಿ ಏರಿಳಿತ ಬಂತು, ನಾಲ್ಕನೇ ಸಲ ನಾಯಿಗೊಂದು ಸ್ವರ, ಅಜ್ಜನಿಗೊಂದು ಸ್ವರ. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಕೇಳಿದರೂ ಬೇಸರವಾಗದ ಶ್ರೋತೃ ಜಗತ್ತಿನಲ್ಲಿ ಇರುವುದು ಆ ವಯಸ್ಸಿನಲ್ಲಿ ಮಾತ್ರ, ಮತ್ತು ಹೊಸದಾಗಿ ಓದಲು ಕಲಿಯುವವರಿಗೆ ಬೇಕಾದದ್ದೂ ಅಂಥದೇ ಶ್ರೋತೃ. ಆರು ತಿಂಗಳಲ್ಲಿ ದೊಡ್ಡವಳು ಮೂರನೇ ಮಟ್ಟದ ಕತೆಗಳಿಗೆ ಬಂದಳು. ಆ ಮಧ್ಯಾಹ್ನದ ಮೇಲೆ ನಾನು ಅವಳಿಂದ ಒಂದು ದಿನವೂ ಬೆರಳಿಟ್ಟು ಓದಿಸಲಿಲ್ಲ. ಮಗ ಆ ಕಡೆ ಸುಳ್ಳೇ ಕಾರು ಓಡಿಸುತ್ತ ಕೇಳುತ್ತಿದ್ದವನು ಅಕ್ಷರಗಳನ್ನು ಹೇಗೆ ಎತ್ತಿಕೊಂಡನೋ ನನಗಿಂದಿಗೂ ಸರಿಯಾಗಿ ತಿಳಿಯದು.

ಇಷ್ಟು ಕಂಡವಳು ನಾನು 2023ರಲ್ಲಿ ಅದನ್ನು ಮರೆತೆ. ಹೇಗೆ ಮರೆತೆ ಎಂದು ಯೋಚಿಸಿದರೆ ಈಗಲೂ ನೋವಾಗುತ್ತದೆ.

ಹೊಸ ಪ್ರೋಗ್ರಾಮು ಬಂದ ಮೇಲೆ ಮನೆಯ ದಿನಚರಿ ಹೀಗಾಯಿತು. ಬೆಳಿಗ್ಗೆ ಅಜ್ಜಿಯ ಜೊತೆ ಮಲ್ಲಿಗೆ ಮೊಗ್ಗು ಕೊಯ್ಯುವುದು, ಅವರು ಬಾಳೆನಾರಿನಲ್ಲಿ ಕಟ್ಟಿ ಮುಗಿಸುವುದು. ಹೂ ಕಟ್ಟೆಗೆ, ಅಂದರೆ ಮಲ್ಲಿಗೆ ಮಾರುವ ಜಾಗಕ್ಕೆ, ಹೋದ ಮೇಲೆ ಪಾಠ. ದೊಡ್ಡವಳು ಲ್ಯಾಪ್‌ಟಾಪಿನಲ್ಲಿ, ಮಗ ಟ್ಯಾಬ್ಲೆಟ್‌ನಲ್ಲಿ, ಐದು ವರ್ಷದ ಸಣ್ಣವಳು ನನ್ನ ಹಳೆಯ ಫೋನಿನಲ್ಲಿ. ಮೂವರ ಕಿವಿಗೂ ಇಯರ್‌ಫೋನು. ಸಂಜೆ ನಾನು ಡ್ಯಾಶ್‌ಬೋರ್ಡ್ ತೆರೆದರೆ ಯಾರು ಎಷ್ಟು ನಿಮಿಷ ಕೂತರು, ಎಷ್ಟು ಅಭ್ಯಾಸ ಮುಗಿಸಿದರು, ಎಷ್ಟು ಸರಿ ಎಂದೆಲ್ಲ ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ಎರಡು ವರ್ಷ ಒಬ್ಬಳೇ ಮೂರು ಕಡೆ ಎಳೆಸಿಕೊಂಡವಳಿಗೆ ಅದು ಎಂಥ ನೆಮ್ಮದಿ! ಅಡುಗೆ ಹೊತ್ತಿಗೆ ಆಗುತ್ತಿತ್ತು, ಬಟ್ಟೆ ಹೊತ್ತಿಗೆ ಒಣಗುತ್ತಿತ್ತು, ಯಾರೂ ‘ಅಮ್ಮಾ’ ಎಂದು ಕೂಗುತ್ತಿರಲಿಲ್ಲ.

ಒಂದು ದಿನ ಅಜ್ಜಿ ಜಗಲಿಯಲ್ಲಿ ಕೂತು ಹೇಳಿದರು, ‘ಇಲ್ಲಡ್ ಮೂಜಿ ಜನ ಜೋಕುಲು ಉಲ್ಲೆರ್, ಒಂಜಿ ಸ್ವರ ಇಜ್ಜಿ.’ ಮನೆಯಲ್ಲಿ ಮೂವರು ಮಕ್ಕಳಿದ್ದಾರೆ, ಒಂದು ಸ್ವರ ಇಲ್ಲ. ದೂರುವ ಹಾಗೆ ಹೇಳಲಿಲ್ಲ, ಕಂಡದ್ದನ್ನು ಹೇಳಿದರು. ಒಳಗೆ ಹೋಗಿ ನೋಡಿದೆ. ಒಂದೇ ಮೇಜು, ಮೂರು ಪರದೆ, ಮೂರು ಕುರ್ಚಿ ಮೂರು ಕಡೆಗೆ ತಿರುಗಿದ್ದವು. ಪ್ರೋಗ್ರಾಮಿಗೆ ಮೂವರ ಮಟ್ಟವೂ ಗೊತ್ತಿತ್ತು. ಅವರು ಒಡಹುಟ್ಟಿದವರು ಎಂಬುದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ಅದೇ ವಾರ ಮಗನ ಭಿನ್ನರಾಶಿ ‘ಪೂರ್ಣ’ ಎಂದು ಬಂತು. ಸಂತೋಷದಲ್ಲಿ ಕೇಳಿದೆ, ‘ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ?’ ಅವನು ತಡಮಾಡದೆ ‘ನಾಲ್ಕನೇ ಒಂದು’ ಎಂದ. ಯಾಕೆ? ‘ನಾಲ್ಕು ಮೂರಕ್ಕಿಂತ ದೊಡ್ಡದಲ್ಲವಾ?’

ಆಮೇಲೆ ಅವನ ಪಕ್ಕದಲ್ಲಿ ಕೂತು ಒಂದು ಗಂಟೆ ಸುಮ್ಮನೆ ನೋಡಿದೆ. ಉತ್ತರ ಗೊತ್ತಿಲ್ಲದಿದ್ದರೆ ‘ಸುಳಿವು’ ಒತ್ತುತ್ತಿದ್ದ. ಮೂರನೇ ಸುಳಿವಿನಲ್ಲಿ ಉತ್ತರವೇ ಬಂದುಬಿಡುತ್ತದೆ. ಅದನ್ನು ಬರೆದು ಮುಂದಕ್ಕೆ. ನಾಲ್ಕು ಆಯ್ಕೆಯ ಪ್ರಶ್ನೆಯಾದರೆ ಒಂದೊಂದಾಗಿ ಒತ್ತಿ ನೋಡುವುದು. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಹತ್ತು ವರ್ಷದ ಮಗುವಿಗೆ ಹಸಿರು ಗುರುತು ಬೇಕು, ಅಮ್ಮ ಸಂಜೆ ಅದನ್ನೇ ನೋಡುತ್ತಾಳೆ ಎಂದು ಅವನಿಗೆ ಗೊತ್ತು. ನಾನು ಏನನ್ನು ನೋಡುತ್ತಿದ್ದೆನೋ ಅದನ್ನೇ ಅವನು ಕೊಟ್ಟ.

ಭಿನ್ನರಾಶಿ ಅವನಿಗೆ ಹತ್ತಿದ್ದು ಜಗಲಿಯಲ್ಲಿ. ಮಲ್ಲಿಗೆಯ ಲೆಕ್ಕ ಹೊರಗಿನವರಿಗೆ ವಿಚಿತ್ರ ಕಾಣಬಹುದು: ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟೆಯಲ್ಲಿ ದಿನಾ ದರ ಹೇಳುವುದು ಅಟ್ಟೆಗೆ. ಮದುವೆಯ ದಿನಗಳಲ್ಲಿ ದರ ಏರುತ್ತದೆ, ಬೇಡಿಕೆ ಇಲ್ಲದಾಗ ಸಟ್ಟನೆ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಗಿಡಗಳಲ್ಲಿ ಹೂವೇ ಕಡಿಮೆ, ಅಟ್ಟೆ ತುಂಬುವುದೇ ಇಲ್ಲ. ಅಂದು ಎರಡೂವರೆ ಚೆಂಡು ಆಗಿತ್ತು, ದರ 840 ರೂಪಾಯಿ. ಅಜ್ಜಿ ನಾರು ಸೀಳುತ್ತಲೇ ಲೆಕ್ಕ ಹಾಕಿದರು: ಚೆಂಡಿಗೆ 210, ಎರಡಕ್ಕೆ 420, ಅರ್ಧಕ್ಕೆ 105, ಒಟ್ಟು 525. ಮಗ ಬಾಯಿ ಬಿಟ್ಟು ನೋಡಿದ. ನಾನು ಕೇಳಿದೆ, ‘ಒಂದು ಅಟ್ಟೆಯನ್ನು ಮೂವರಿಗೆ ಸಮ ಹಂಚಿದರೆ ಒಬ್ಬರಿಗೆ ಸಿಗುವುದು ಹೆಚ್ಚೋ, ನಾಲ್ವರಿಗೆ ಹಂಚಿದರೆ ಹೆಚ್ಚೋ?’ ‘ಮೂವರಿಗೆ,’ ಎಂದವನು ಹಾಗೆಯೇ ನಿಂತ. ಅವನ ಮುಖದಲ್ಲಿ ಏನೋ ಜಾರಿ ತನ್ನ ಜಾಗಕ್ಕೆ ಕೂತದ್ದು ನನಗೆ ಕಂಡಿತು. ಎರಡು ನಿಮಿಷ ಬಿಟ್ಟು ಅವನೇ ಹೇಳಿದ: ‘ಎರಡೂವರೆ ಚೆಂಡು ಅಂದರೆ ಅಟ್ಟೆಯ ಎಂಟನೇ ಐದು ಭಾಗ.’ ಅಜ್ಜಿ ಐವತ್ತು ವರ್ಷದಿಂದ ಮಾಡುತ್ತಿದ್ದ ಲೆಕ್ಕಕ್ಕೆ ಹೀಗೊಂದು ಹೆಸರಿದೆ ಎಂದು ಅವರಿಗೂ ಅಂದೇ ಗೊತ್ತಾದದ್ದು. ಅವರು ನಕ್ಕು ಅವನಿಗೆ ಹೂ ಎಣಿಸಲು ಕೊಟ್ಟರು.

ಪ್ರೋಗ್ರಾಮನ್ನು ಬಿಡಲಿಲ್ಲ. ತೂತು ಹುಡುಕಿದ್ದು ಅದು, ತುಂಬಿದ ಮೇಲೆ ಗಟ್ಟಿ ಮಾಡಿದ್ದೂ ಅದೇ. ಜಗಲಿಯಲ್ಲಿ ಹೊಳೆದದ್ದು ಕೈಗೆ ಕೂರಬೇಕಾದರೆ ಇನ್ನೂರು ಸಲ ಮಾಡಬೇಕು. ಇನ್ನೂರು ಹೊಸ ಲೆಕ್ಕ ಬರೆದುಕೊಡಲು ನನ್ನಿಂದ ಸಾಧ್ಯವಿಲ್ಲ, ಅಜ್ಜಿಯಿಂದಲೂ ಇಲ್ಲ. ಆದರೆ ಸುಳಿವು ಒತ್ತುವ ಮೊದಲು ಅಕ್ಕನನ್ನು ಕೇಳಬೇಕು ಎಂದು ನಿಯಮ ಮಾಡಿದೆ. ಇಯರ್‌ಫೋನು ತೆಗೆದಿಟ್ಟೆ. ಮೊದಲ ವಾರ ಮೂರು ವಿಡಿಯೋಗಳ ಗದ್ದಲ, ಜಗಳ. ಆಮೇಲೆ ಅವರೇ ಸರದಿ ಮಾಡಿಕೊಂಡರು.

ಇದಕ್ಕೊಂದು ಹೆಸರು ಸಿಕ್ಕಿದ್ದು ಆ ವರ್ಷದ ಕೊನೆಯಲ್ಲಿ. ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿ ಮಾಡುತ್ತ ಹತ್ತಿರದ ಸರಕಾರಿ ಶಾಲೆಯ ಟೀಚರೊಬ್ಬರು ಮನೆಗೆ ಬಂದರು. ನನಗೆ ಎದೆ ಢವಢವ. ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ ನನಗೆ ಬಾಯಿಪಾಠ ಇತ್ತು: ಆರರಿಂದ ಹದಿನಾಲ್ಕರವರೆಗಿನ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದು ತಾಯಿತಂದೆಯರ ಕರ್ತವ್ಯ. ಈ ಮಾತು ನನ್ನನ್ನು ಚುಚ್ಚದ ದಿನವಿಲ್ಲ, ಆ ಕಾಯ್ದೆ ಬೇಕಾಗಿದ್ದೇ ಶಾಲೆಯ ಮುಖ ಕಾಣದ ಲಕ್ಷಾಂತರ ಮಕ್ಕಳಿಗಾಗಿ. ಟೀಚರು ಕೂತು ನೀರು ಕುಡಿದು, ಮಕ್ಕಳನ್ನು ಮಾತಾಡಿಸಿ, ಮಗನ ಪರದೆಯನ್ನು ಬಹಳ ಹೊತ್ತು ನೋಡಿದರು. ‘ಇದು ನಮ್ಮ ನಲಿ-ಕಲಿ ಅಲ್ಲವಾ!’ ಎಂದರು.

ನಲಿ-ಕಲಿ ನನಗೆ ಹೆಸರು ಕೇಳಿ ಮಾತ್ರ ಗೊತ್ತಿತ್ತು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯದ ಕನ್ನಡ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ. ಒಂದು, ಎರಡು, ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪ್ರತಿ ಮಗುವಿಗೂ ಕಲಿಕೆಯ ಏಣಿಯಲ್ಲಿ ತನ್ನದೇ ಮೆಟ್ಟಿಲು. ರಜೆ ಹಾಕಿದ ಮಗು ಮರಳಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ನಾನು ಹಣ ಕೊಟ್ಟು ಕೊಂಡ ಹೊಸ ವಿಚಾರ ನಮ್ಮೂರ ಸರಕಾರಿ ಶಾಲೆಯ ಗೋಡೆಯ ಮೇಲೆ ವರ್ಷಗಳಿಂದ ತೂಗುತ್ತಿತ್ತು.

‘ಏಣಿ ನಿಮ್ಮಲ್ಲಿಯೂ ಇದೆ,’ ಎಂದರು ಟೀಚರು. ‘ನಮ್ಮಲ್ಲಿ ತಟ್ಟೆಗಳೂ ಇವೆ.’ ಕಾರ್ಡು ಎತ್ತಿಕೊಂಡ ಮಗು ಅದಕ್ಕೆ ತಕ್ಕ ಗುಂಪಿನಲ್ಲಿ ಕೂರಬೇಕು. ಆ ಗುಂಪುಗಳಿಗೆ ತಟ್ಟೆ ಎನ್ನುತ್ತಾರೆ, ಐದು ತಟ್ಟೆ. ಒಂದರಲ್ಲಿ ಟೀಚರು ಪೂರ್ತಿ ಜೊತೆಗಿದ್ದು ಕಲಿಸುತ್ತಾರೆ, ಒಂದರಲ್ಲಿ ಅರ್ಧಂಬರ್ಧ. ಮತ್ತೆರಡರಲ್ಲಿ ಗೆಳೆಯರ ನೆರವು: ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಸ್ವಲ್ಪ. ಕೊನೆಯದರಲ್ಲಿ ಮಗು ಒಬ್ಬನೇ ಮಾಡಿ ಮುಗಿಸಬೇಕು. ‘ಒಬ್ಬನೇ ಮಾಡುವುದು ಕೊನೆಗೆ ಬರುವುದು, ಮೊದಲಿಗಲ್ಲ,’ ಎಂದು ಎದ್ದು ಹೊರಟರು. ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡರು, ಮಕ್ಕಳನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದರು.

ನಾನು ನನ್ನ ಮೂವರನ್ನೂ ಮೊದಲ ದಿನದಿಂದಲೇ ಐದನೇ ತಟ್ಟೆಯಲ್ಲಿ ಕೂರಿಸಿದ್ದೆ.

ಈಗ ನಮ್ಮಲ್ಲಿ ಪಾಠಗಳು ಎರಡು ಬಗೆ. ಗಣಿತದ ಅಭ್ಯಾಸ, ಇಂಗ್ಲಿಷ್ ವ್ಯಾಕರಣ, ದೊಡ್ಡವಳ ಬೀಜಗಣಿತ, ಇವು ಏಣಿಯವು. ದಿನಕ್ಕೆ ಒಂದೂವರೆ ಗಂಟೆ, ಅವರವರ ಪರದೆ. ಉಳಿದದ್ದನ್ನು ಮೂವರೂ ಒಂದೇ ವಿಷಯದ ಸುತ್ತ ಕೂತು ಮಾಡಬೇಕು, ಮೂರು ಮಟ್ಟದಲ್ಲಿ. ಇದರಲ್ಲಿ ನನಗೆ ಮರೆಯಲಾಗದ್ದು 2023ರ ಡಿಸೆಂಬರಿನ ಸೇಂಟ್ ಮೇರೀಸ್ ದ್ವೀಪ. ಮಲ್ಪೆಯಿಂದ ದೋಣಿ, ಮಳೆಗಾಲದಲ್ಲಿ ಹೋಗಲಾಗುವುದಿಲ್ಲ. ಹೋಗುವ ಮೊದಲು ದೊಡ್ಡವಳಿಗೆ ಪ್ರೋಗ್ರಾಮಿನ ಭೂಫಲಕಗಳ ಪಾಠ, ಮಗನಿಗೆ ಬಹುಭುಜಗಳ ಪಾಠ ತೆಗೆದುಕೊಟ್ಟೆ. ಸಣ್ಣವಳಿಗೆ ಹತ್ತರವರೆಗೆ ಎಣಿಸಲು ಬರುತ್ತಿತ್ತು, ಸಾಕು.

ಅಲ್ಲಿನ ಕಲ್ಲುಗಂಬಗಳನ್ನು ನೋಡಿದವರಿಗೆ ಗೊತ್ತು, ಯಾರೋ ಕೆತ್ತಿ ನಿಲ್ಲಿಸಿದ ಹಾಗೆ ಕಾಣುತ್ತವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣಿಯುತ್ತ ಕುಗ್ಗಿ, ಒಣಗಿದ ಕೆರೆಯ ಕೆಸರು ಬಿರಿಯುವಂತೆ ಬಿರಿದು, ಬಿರುಕು ಕೆಳಕೆಳಕ್ಕೆ ಇಳಿದು ಕಂಬವಾಯಿತು. ದೊಡ್ಡವಳು ಕಡಲಿನ ಕಡೆ ಕೈ ತೋರಿಸಿ, ‘ಆಚೆ ದಡ ಇಲ್ಲೇ ಇತ್ತು’ ಎಂದಳು. ಮಗ ಬಿರುಕುಗಳು 120 ಡಿಗ್ರಿಯಲ್ಲಿ ಸೇರಿದರೆ ಆರು ಮೂಲೆ ಯಾಕೆ ಆಗುತ್ತದೆ ಎಂದು ಮರಳಿನಲ್ಲಿ ಬರೆದು ತೋರಿಸಿದ. ಸಣ್ಣವಳು ಕಂಬದಿಂದ ಕಂಬಕ್ಕೆ ಹೋಗಿ ಬೆರಳಿಟ್ಟು ಮೂಲೆ ಎಣಿಸುತ್ತಿದ್ದವಳು ಕೂಗಿದಳು: ‘ಇದಕ್ಕೆ ಐದೇ!’ ಮಗ ಒಪ್ಪಲಿಲ್ಲ, ಹೋಗಿ ಎಣಿಸಿದ. ಐದೇ. ಪಕ್ಕದ್ದು ಏಳು. ಪುಸ್ತಕದಲ್ಲಿ ಆರು ಎಂದಿರುವಾಗ ಇಲ್ಲಿ ಯಾಕೆ ಐದು, ಏಳು? ಲಾವಾ ಎಲ್ಲ ಕಡೆ ಒಂದೇ ಹದದಲ್ಲಿ ತಣಿಯುವುದಿಲ್ಲ ಎಂಬ ಉತ್ತರಕ್ಕೆ ದೊಡ್ಡವಳು ಬರಲು ವಾಪಸ್ ದೋಣಿ ದಡ ಮುಟ್ಟಬೇಕಾಯಿತು. ಐದು ವರ್ಷದವಳ ಎಣಿಕೆ ಇಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಮರುತಿಂಗಳು ಉಡುಪಿಯಲ್ಲಿ ಪರ್ಯಾಯ, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ. ಆ ಸಲದ ಸರದಿ ಪುತ್ತಿಗೆ ಮಠದ್ದು; ಅದಕ್ಕೆ ಮತ್ತೆ ಸರದಿ ಯಾವಾಗ ಎಂದು ಜನಜಂಗುಳಿಯ ನಡುವೆ ಸಣ್ಣವಳು ಬೆರಳು ಮಡಚತೊಡಗಿದಳು, ಮಗ 2040 ಎಂದ, ದೊಡ್ಡವಳು ಹಿಂದಕ್ಕೆ ಹೋಗಿ 2008 ಎಂದಳು.

ಎಲ್ಲವೂ ಹೀಗೆ ಚಂದ ನಡೆಯುತ್ತದೆ ಎಂದು ತಿಳಿಯಬೇಡಿ. ಜೂನ್ ಜುಲೈಯಲ್ಲಿ ಕರೆಂಟು ಹೋದರೆ ಬರುವ ಗ್ಯಾರಂಟಿ ಇಲ್ಲ, ನೆಟ್‌ವರ್ಕ್ ಅದಕ್ಕಿಂತ ಮೊದಲೇ ಹೋಗಿರುತ್ತದೆ. ಹಿಂದಿನ ರಾತ್ರಿಯೇ ವಿಡಿಯೋ ಇಳಿಸಿಟ್ಟುಕೊಳ್ಳುವುದು, ಮರುದಿನದ ಅಭ್ಯಾಸವನ್ನು ಕಾಗದದಲ್ಲಿ ಬರೆದಿಡುವುದು ನಮ್ಮ ಮಳೆಗಾಲದ ಅಡುಗೆ ತಯಾರಿಯ ಹಾಗೆ. ಇನ್ನೊಂದು ಇದಕ್ಕಿಂತ ಕಷ್ಟದ್ದು. ಜೋರು ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ನೆರೆಮನೆಯ ಮಕ್ಕಳು ಅಂಗಳದಲ್ಲಿ ಕುಣಿಯುವುದನ್ನು ನೋಡಿ ಸಣ್ಣವಳು ಕೇಳಿದಳು, ‘ನಮಗೆ ಮಳೆ ರಜೆ ಯಾರು ಕೊಡುವುದು?’ ನನ್ನ ಗಂಟಲು ಕಟ್ಟಿತು. ಮದುವೆ ಮನೆಗಳಲ್ಲಿ ‘ಯಾವ ಶಾಲೆ ಮಗಾ?’ ಎಂದು ಕೇಳಿದಾಗ ಮಗ ನನ್ನ ಮುಖ ನೋಡುವುದುಂಟು. ಯಾವ ಪ್ರೋಗ್ರಾಮೂ ಇದಕ್ಕೆ ಮದ್ದಲ್ಲ. ಈಗ ಜಿಲ್ಲಾಧಿಕಾರಿಗಳ ಆದೇಶ ನಮ್ಮ ಮನೆಗೂ ಅನ್ವಯ. ಆ ದಿನ ನೆರೆಯ ನಾಲ್ಕು ಮಕ್ಕಳೂ ನಮ್ಮ ಮೇಜಿಗೆ ಬರುತ್ತಾರೆ, ಪರದೆ ತೆರೆಯುವುದಿಲ್ಲ.

ದೊಡ್ಡವಳಿಗೆ ಈಗ ಹದಿನೈದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ ಹತ್ತನೇ ತರಗತಿಗೆ ಹೆಸರು ಕೊಟ್ಟಿದ್ದಾಳೆ. ಹದಿನಾಲ್ಕು ತುಂಬಿದವರು ಬರೆಯಬಹುದು, ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವರ್ಷದೊಳಗೆ ಒಂಬತ್ತು ಅವಕಾಶ. ಒಂದೇ ಸಲ ಐದೂ ಬರೆಯಬೇಕೆಂದಿಲ್ಲ. ಚಿಕ್ಕವರಿಗೂ ಅಲ್ಲಿ ಎ, ಬಿ, ಸಿ ಎಂದು ಮೂರು ಹಂತ ಉಂಟು, ಮೂರನೇ, ಐದನೇ, ಎಂಟನೇ ತರಗತಿಗೆ ಸಮ. ಮಗನನ್ನು ಸಿ ಹಂತಕ್ಕೆ ಸೇರಿಸುವುದೋ, ಎಂಟನೆಗೆ ಶಾಲೆಗೇ ಕಳಿಸುವುದೋ ಎಂದು ಅವನೊಂದಿಗೇ ಮಾತಾಡುತ್ತಿದ್ದೇನೆ. ಕ್ರಿಕೆಟ್ ಟೀಮ್ ಇರುವ ಶಾಲೆಯಾದರೆ ಹೋಗುತ್ತಾನಂತೆ. ದೊಡ್ಡವಳು ಭಾಷೆಗೆ ಕನ್ನಡವನ್ನೇ ತೆಗೆದುಕೊಂಡಿದ್ದಾಳೆ. ನಾನು ಹೇಳಿದ್ದಲ್ಲ.

ಕಳೆದ ವಾರ ಸಣ್ಣವಳ ಸರದಿ ಬಂತು. ಅವಳಿಗೀಗ ಏಳು. ಅಣ್ಣ ಬರೆದಿದ್ದ, ಮಟ್ಟ ಹುಡುಕುವ ಅದೇ ಪರೀಕ್ಷೆ. ದೊಡ್ಡವರಿಬ್ಬರೂ ಕುರ್ಚಿಯ ಎರಡು ಬದಿಗೆ ಬಂದು ನಿಂತರು. ಮೊದಲ ಪ್ರಶ್ನೆ ಬಂದ ಕೂಡಲೇ ಅಣ್ಣ ಅದನ್ನು ತುಳುವಿಗೆ ತಿರುಗಿಸಿ ಹೇಳತೊಡಗಿದ, ಅಕ್ಕ ಬೆರಳು ತೋರಿಸಿದಳು. ಉಳಿದೆಲ್ಲ ದಿನ ನನಗೆ ಬೇಕಾದದ್ದು ಇದೇ, ಆದರೆ ಅಂದು ಇಬ್ಬರನ್ನೂ ಹೊರಗೆ ಕಳಿಸಿದೆ. ತೂತು ಎಲ್ಲಿದೆ ಎಂದು ತಿಳಿಯಬೇಕಾದ ದಿನ ಅದು. ಅವರು ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತು ನಾರು ಸೀಳುತ್ತ ಒಳಗೆ ಇಣುಕುತ್ತಿದ್ದರು.

ನಲವತ್ತು ನಿಮಿಷದ ಮೇಲೆ ಅವಳು ಹೊರಗೆ ಬಂದಳು.

‘ಎಷ್ಟು ಸರಿ?’ ಅಣ್ಣ ಕೇಳಿದ.

‘ಗೊತ್ತಿಲ್ಲ. ಆರು ಪ್ರಶ್ನೆಗೆ ನಾನು ಗೊತ್ತಿಲ್ಲ ಅಂತ ಒತ್ತಿದೆ.’

‘ಹಾಗೊಂದು ಬಟನ್ ಉಂಟಾ?’

‘ಉಂಟು. ಕೆಳಗೆ.’

ಅವನು ಸೀಳುತ್ತಿದ್ದ ನಾರನ್ನು ಬಿಟ್ಟು ಒಳಗೆ ಹೋದ, ಪರದೆಯ ಮುಂದೆ ಬಗ್ಗಿ ಅದನ್ನು ಹುಡುಕತೊಡಗಿದ.